ಕೆರೆಯ ಮೇಲೆ ಗುಂಡು

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ನೀರಿನ ಮೇಲೆ ಬಂದೂಕು ಹಾರಿಸಿದ ಚರಿತ್ರೆ ಬಹುಮಟ್ಟಿಗೆ ಹಕ್ಕಿ ಶಿಕಾರಿಯ ಚರಿತ್ರೆ. ತುಂಬಿ ಹರಿಯುವ ನದಿಯಿಲ್ಲದ ಈ ಬಯಲುಸೀಮೆಯಲ್ಲಿ ನೀರೆಂದರೆ ಕೆರೆ. ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆಯ ಕೆರೆಗಳಲ್ಲಿ ವರಟೆ, ನಾಮದ ಕೋಳಿಗಳು ವರ್ಷವಿಡೀ ಇರುತ್ತವೆ. ಚಳಿಗಾಲದಲ್ಲಿ ಸೂಜಿಬಾಲದ ಬಾತು, ಉಲ್ಲಂಕಿಗಳು ವಲಸೆ ಬರುತ್ತವೆ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯೂರಿದ ಮೇಲೆ ಸುತ್ತಲ ಕೆರೆಗಳ ಬೇಟೆ ಸಾಹೇಬರ ರಜೆಯ ಮೋಜಾಯಿತು.

ಕಾನೂನು ಮೊದಲು ಕಂಡದ್ದು ಹಕ್ಕಿಯನ್ನು, ಕೆರೆ ದಡದ ಮನುಷ್ಯನನ್ನಲ್ಲ. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ನಿಬಂಧನೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೂಡ ಆರಂಭದಲ್ಲಿ ಪರವಾನಗಿ ಬೇಟೆಗೆ ಅವಕಾಶ ಇಟ್ಟುಕೊಂಡಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿ. ಅದೇ ವರ್ಷ ಅಮೆರಿಕ ಬಾತುಬೇಟೆಯಲ್ಲಿ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿತು. ಬಾತುಗಳು ಹರಳುಕಲ್ಲಿನ ಜೊತೆ ಕೆಸರಿನಲ್ಲಿ ಬಿದ್ದ ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ. ಅಲ್ಲಿ ಚರೆ ಬದಲಾಯಿತು, ಇಲ್ಲಿ ಬೇಟೆಯೇ ನಿಂತಿತು.

ನೀರು ಗುಂಡನ್ನು ನುಂಗಿಬಿಡುತ್ತದೆ ಎಂಬ ನಂಬಿಕೆ ಅಪಾಯಕಾರಿ. ಹುಡುಗರು ಬೀಸಿದ ಹೆಂಚಿನ ಚೂರು ನೀರ ಮೇಲೆ ಕುಪ್ಪಳಿಸುವ ಹಾಗೆ ಗುಂಡೂ ಪುಟಿಯುತ್ತದೆ. ಉರುಟಾದ ಸೀಸದ ಗುಂಡು ಸುಮಾರು 5 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ತಾಗಿದರೆ ಮುಳುಗದೆ ಮೇಲೇಳಬಲ್ಲದು. ನೀರಿನ ಮಟ್ಟಕ್ಕಿಂತ 6 ಮೀಟರ್ ಎತ್ತರದ ಏರಿಯ ಮೇಲಿಂದ 100 ಮೀಟರ್ ಆಚೆಯ ನೀರಿಗೆ ಗುರಿಯಿಟ್ಟರೆ ಕೋನ ಮೂರೂವರೆ ಡಿಗ್ರಿಯಷ್ಟೆ. ಆಚೆ ದಡದಲ್ಲಿ ಬಟ್ಟೆ ಒಗೆಯುವವರು, ದನದ ಮೈ ತೊಳೆಯುವವರು, ಬಲೆ ಬೀಸುವವರು ಇರುತ್ತಾರೆ. ಕೆರೆ ಎಂದಾದರೂ ನಿರ್ಜನವಾಗಿರುತ್ತದೆಯೇ?

ಮನುಷ್ಯನ ಸರದಿ ತಡವಾಗಿ ಬಂತು. 1959ರ ಆಯುಧ ಕಾಯ್ದೆ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಕಡ್ಡಾಯ ಮಾಡಿತ್ತು. 2019ರ ತಿದ್ದುಪಡಿ, ಇತರರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಅಥವಾ ಸಂಭ್ರಮಕ್ಕೆಂದು ಗುಂಡು ಹಾರಿಸಿದವರಿಗೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದೆಂದಿತು. ಬೆಳೆ ಕಾಯಲೆಂದು ಪಡೆದ ಪರವಾನಗಿ ಬಾತಿಗೆ ಹೊಡೆಯುವ ಹಕ್ಕಾಗುವುದಿಲ್ಲ. ಗುರಿ ತಪ್ಪಿತೆಂದು ಬಿಡುಗಡೆಯೂ ಇಲ್ಲ: ವನ್ಯಜೀವಿ ಕಾಯ್ದೆಯ ವ್ಯಾಖ್ಯೆಯಲ್ಲಿ ಬೇಟೆಯ ಪ್ರಯತ್ನವೂ ಬೇಟೆಯೇ.