ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣ: ಪ್ರಸ್ತಾವ ಮತ್ತು ಪಶ್ಚಿಮ ಬೆಂಗಳೂರು

ದೇವನಹಳ್ಳಿಯ ಬಳಿಯಿರುವ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದ ಭಾರವನ್ನು ಹಂಚಿಕೊಳ್ಳಲು ನಗರದ ದಕ್ಷಿಣಕ್ಕೆ ಅಥವಾ ಪಶ್ಚಿಮಕ್ಕೆ ಮತ್ತೊಂದು ನಿಲ್ದಾಣ ಕಟ್ಟುವ ಕುರಿತು ಕರ್ನಾಟಕ ಸರ್ಕಾರ 2024ರಿಂದ ಸಕ್ರಿಯವಾಗಿ ಪರಿಶೀಲಿಸುತ್ತಿದೆ. ಕನಕಪುರ ರಸ್ತೆಯಲ್ಲಿ ಎರಡು ಮತ್ತು ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗವನ್ನು ಸರ್ಕಾರ ಗುರುತಿಸಿದ್ದು, ಮೂರರಲ್ಲಿ ಯಾವುದು ಆಯ್ಕೆಯಾದರೂ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳನ್ನು ಒಳಗೊಂಡ ಪಶ್ಚಿಮ ಬೆಂಗಳೂರಿನ ಸಂಚಾರ, ಭೂಬಳಕೆ ಮತ್ತು ಕಟ್ಟಡಗಳ ಎತ್ತರದ ಮೇಲೆ ಅದರ ಪರಿಣಾಮ ನೇರವಾಗಿ ಬೀಳುತ್ತದೆ. ಈ ಭಾಗದ ಸ್ಥಳೀಯ ಸಂಸ್ಥೆಗೆ ಮಾತ್ರ ನಿರ್ಧಾರದಲ್ಲಿ ಔಪಚಾರಿಕ ಪಾತ್ರ ತೀರ ಕಡಿಮೆ. ಚರ್ಚೆಯಲ್ಲಿ ಅತಿ ಕಡಿಮೆ ಗಮನ ಪಡೆದಿರುವ ಸಂಗತಿಯೂ ಇದೇ.

ಬೆಂಗಳೂರಿನ ನಾಗರಿಕ ವಿಮಾನಯಾನ ದಶಕಗಳ ಕಾಲ ಎಚ್‌ಎಎಲ್ ನಿಲ್ದಾಣದಿಂದ ನಡೆಯಿತು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಹೊಂದಿಕೊಂಡು ಬೆಳೆದ ಆ ನಿಲ್ದಾಣವು ನಗರದೊಳಗೇ ಇದ್ದುದರಿಂದ ರಾಜಾಜಿನಗರದವರಿಗೂ ಕೆಂಗೇರಿಯವರಿಗೂ ವಿಮಾನ ಹತ್ತುವುದು ಊರೊಳಗಿನ ಪ್ರಯಾಣದ ಮುಂದುವರಿಕೆಯಂತೆಯೇ ಇತ್ತು. 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ಬೆಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ನಿಯಮಿತ (ಬಿಐಎಎಲ್) ಸಂಸ್ಥೆಯ ನಡುವೆ ರಿಯಾಯಿತಿ ಒಪ್ಪಂದವಾಯಿತು. ಸರ್ಕಾರವು ಸಾರ್ವಜನಿಕ ಸೌಕರ್ಯವೊಂದನ್ನು ಕಟ್ಟಿ, ನಡೆಸಿ, ಶುಲ್ಕ ಪಡೆಯುವ ಹಕ್ಕನ್ನು ನಿಗದಿತ ಅವಧಿಗೆ ಖಾಸಗಿ ಪಾಲುದಾರಿಕೆಯ ಸಂಸ್ಥೆಯೊಂದಕ್ಕೆ ವಹಿಸಿಕೊಡುವ ಕರಾರಿಗೆ ಈ ಹೆಸರು. 2005ರಲ್ಲಿ ಕಾಮಗಾರಿ ಆರಂಭವಾಗಿ, 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ಎಚ್‌ಎಎಲ್‌ನಲ್ಲಿ ನಿಗದಿತ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿತು. ಹೊಸ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡರ ಹೆಸರಿಡಲಾಯಿತು. 2019ರ ಡಿಸೆಂಬರ್‌ನಲ್ಲಿ ಎರಡನೆಯ ರನ್‌ವೇ ಬಳಕೆಗೆ ಬಂತು. 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು. 2024–25ರ ಆರ್ಥಿಕ ವರ್ಷದಲ್ಲಿ ಇಡೀ ನಿಲ್ದಾಣವನ್ನು ಬಳಸಿದ ಪ್ರಯಾಣಿಕರ ಸಂಖ್ಯೆ 4 ಕೋಟಿ 18 ಲಕ್ಷವನ್ನು ದಾಟಿದೆ.

ಎರಡನೆಯ ನಿಲ್ದಾಣದ ಮಾತು ಇಷ್ಟು ತಡವಾಗಿ ಗಂಭೀರವಾದುದಕ್ಕೆ ಮುಖ್ಯ ಕಾರಣ 2004ರ ಒಪ್ಪಂದದಲ್ಲೇ ಇದೆ. ನಿಲ್ದಾಣ ಆರಂಭವಾದ ದಿನದಿಂದ 25 ವರ್ಷಗಳವರೆಗೆ, ಅಂದರೆ 2033ರ ಮೇ ತಿಂಗಳವರೆಗೆ, ಅಲ್ಲಿಂದ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಪೈಪೋಟಿಯ ನಿಲ್ದಾಣಕ್ಕೆ ಅವಕಾಶ ಕೊಡುವಂತಿಲ್ಲ ಎಂಬ ಷರತ್ತು ಅದರಲ್ಲಿದ್ದು, ಮೈಸೂರು ಮತ್ತು ಹಾಸನಗಳಿಗೆ ಮಾತ್ರ ವಿನಾಯಿತಿ ದೊರೆತಿದೆ. ವೈಮಾನಿಕ ದೂರವೆಂದರೆ ರಸ್ತೆಯ ಸುತ್ತುಗಳನ್ನು ಬಿಟ್ಟು ನಕ್ಷೆಯ ಮೇಲೆ ಎರಡು ಬಿಂದುಗಳ ನಡುವೆ ಅಳೆದ ನೇರ ಅಂತರ. ಭಾರಿ ಬಂಡವಾಳ ಹೂಡುವವರಿಗೆ ಆರಂಭದ ವರ್ಷಗಳಲ್ಲಿ ಪ್ರಯಾಣಿಕರ ಕೊರತೆಯಾಗಬಾರದೆಂಬ ಈ ರಕ್ಷಣೆಗೆ ಆ ಕಾಲದಲ್ಲಿ ಅರ್ಥವಿತ್ತು. ಆದರೆ ನಗರದ ಬೆಳವಣಿಗೆ ಆಗಿನ ಅಂದಾಜುಗಳನ್ನು ಮೀರಿ ಓಡಿದ ಮೇಲೆ ಅದೇ ಷರತ್ತು ಯೋಜಕರ ಕೈಕಟ್ಟಿತು. ಭೂಸ್ವಾಧೀನ, ಅನುಮತಿ, ನಿರ್ಮಾಣಗಳೆಲ್ಲ ಸೇರಿ ಏಳೆಂಟು ವರ್ಷ ಹಿಡಿಯುವುದರಿಂದ, 2033ಕ್ಕೆ ಸಿದ್ಧವಾಗಬೇಕಾದರೆ ಈಗಲೇ ತೊಡಗಬೇಕೆಂಬುದು ರಾಜ್ಯ ಸರ್ಕಾರದ ವಾದ.

2024ರ ಜೂನ್‌ನಲ್ಲಿ ತಮಿಳುನಾಡಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರಿಗಾಗುವ ನಿಲ್ದಾಣ ನಿರ್ಮಿಸುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದ್ದು ಕರ್ನಾಟಕದ ಚರ್ಚೆಗೆ ಬಿರುಸು ತಂದಿತು. ಹೊಸೂರು ಕೂಡ 150 ಕಿಲೋಮೀಟರ್ ವ್ಯಾಪ್ತಿಯೊಳಗೇ ಇರುವುದರಿಂದ ಅದಕ್ಕೂ ಅದೇ ಷರತ್ತು ಅಡ್ಡ ಬರುತ್ತದೆ. ಮೂಲಸೌಕರ್ಯ ಅಭಿವೃದ್ಧಿ ಸಚಿವ ಎಂ.ಬಿ. ಪಾಟೀಲ ಅವರ ಇಲಾಖೆ ಮೂರು ಜಾಗಗಳನ್ನು ಮುಂದಿಟ್ಟಿತು. ಕನಕಪುರ ರಸ್ತೆಯ ಚೂಡಹಳ್ಳಿ ಮತ್ತು ಸೋಮನಹಳ್ಳಿಗಳಲ್ಲಿ ಕ್ರಮವಾಗಿ ಸುಮಾರು 4,800 ಮತ್ತು 5,000 ಎಕರೆ ಹಾಗೂ ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಸುಮಾರು 5,200 ಎಕರೆಯನ್ನು ಗುರುತಿಸಲಾಯಿತು. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ಮೂರನ್ನೂ ಕಣ್ಣಾರೆ ನೋಡಿ ಹೋಯಿತು. ತುಮಕೂರು ಜಿಲ್ಲೆಯ ಶಿರಾ ಭಾಗಕ್ಕೆ ನಿಲ್ದಾಣ ಬರಬೇಕೆಂದು ಅಲ್ಲಿನ ಶಾಸಕ ಟಿ.ಬಿ. ಜಯಚಂದ್ರ ಅವರು ಒತ್ತಾಯಿಸಿದ್ದರಾದರೂ, ಬೆಂಗಳೂರಿನಿಂದ ಅಷ್ಟು ದೂರದ ಜಾಗವನ್ನು ನಗರದ ಎರಡನೆಯ ನಿಲ್ದಾಣವೆಂದು ಕರೆಯುವುದು ಕಷ್ಟ.

ಜಾಗದ ಯೋಗ್ಯತೆಯನ್ನು ನಿರ್ಧರಿಸುವಲ್ಲಿ ವಿಸ್ತೀರ್ಣಕ್ಕಿಂತ ಸುತ್ತಲಿನ ನೆಲದ ಏರಿಳಿತವೇ ಹೆಚ್ಚು ಮುಖ್ಯವಾಗುತ್ತದೆ. ನಿಲ್ದಾಣದ ಸುತ್ತ ಯಾವ ದೂರದಲ್ಲಿ ಯಾವ ಎತ್ತರದವರೆಗೆ ಅಡೆತಡೆ ಇರಬಹುದು ಎಂಬುದನ್ನು ಸೂಚಿಸುವ ಕಾಲ್ಪನಿಕ ಮೇಲ್ಮೈಗಳನ್ನು ಅಂತಾರಾಷ್ಟ್ರೀಯ ನಿಯಮಗಳು ಗೊತ್ತುಮಾಡಿವೆ. ದೊಡ್ಡ ವಿಮಾನಗಳು ಉಪಕರಣಗಳ ನೆರವಿನಿಂದ ಇಳಿಯುವ ನಿಲ್ದಾಣವಾದರೆ, ಸುಮಾರು 4 ಕಿಲೋಮೀಟರ್ ತ್ರಿಜ್ಯದೊಳಗೆ ನಿಲ್ದಾಣದ ಮಟ್ಟಕ್ಕಿಂತ 45 ಮೀಟರಿನಾಚೆಗೆ ಏನೂ ಎದ್ದು ನಿಲ್ಲಬಾರದು. ಅದರಾಚೆ ಮಿತಿಯು 20 ಮೀಟರಿಗೆ 1 ಮೀಟರಿನಂತೆ ಏರುತ್ತ ಹೋಗುತ್ತದೆ. ರನ್‌ವೇಯ ನೇರಕ್ಕೆ ವಿಮಾನ ಇಳಿದು ಬರುವ ಹಾದಿಯಲ್ಲಿ 15 ಕಿಲೋಮೀಟರ್‌ವರೆಗೂ ಬೇರೆಯ ಮಿತಿ ಅನ್ವಯಿಸುತ್ತದೆ. ಶಿವಗಂಗೆ, ಸಾವನದುರ್ಗಗಳಂಥ ಹೆಬ್ಬಂಡೆಗಳು ಎದ್ದುನಿಂತಿರುವ ಬೆಂಗಳೂರಿನ ಪಶ್ಚಿಮ ಸೀಮೆಯಲ್ಲಿ ಈ ಪರೀಕ್ಷೆ ಸುಲಭವಲ್ಲ. ಇಬ್ಬರು ಚಾಲಕರು ಒಬ್ಬರ ಗೊಡವೆ ಒಬ್ಬರಿಗಿಲ್ಲದಂತೆ ಎರಡು ಸಮಾನಾಂತರ ರನ್‌ವೇಗಳಲ್ಲಿ ಏಕಕಾಲಕ್ಕೆ ಇಳಿಯಬೇಕಾದರೆ ಅವುಗಳ ನಡುವೆ ಕನಿಷ್ಠ 1,035 ಮೀಟರ್ ಅಂತರ ಬೇಕಾಗುತ್ತದೆ. ನಾಲ್ಕೈದು ಸಾವಿರ ಎಕರೆಯ ಬೇಡಿಕೆ ಹುಟ್ಟುವುದು ಇಂಥ ಲೆಕ್ಕಾಚಾರದಿಂದಲೇ. ಎಚ್‌ಎಎಲ್‌ನಲ್ಲೂ ದೇವನಹಳ್ಳಿಯಲ್ಲೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಚಾಚಿವೆ. ಮುಂಗಾರಿನಲ್ಲಿ ಪಡುವಣದಿಂದ, ಹಿಂಗಾರಿನ ತಿಂಗಳುಗಳಲ್ಲಿ ಮೂಡಣದಿಂದ ಬೀಸುವ ಗಾಳಿಗೆ ಎದುರಾಗಿ ಏರುವುದೂ ಇಳಿಯುವುದೂ ಕ್ಷೇಮವಾದುದರಿಂದ, ಹೊಸ ನಿಲ್ದಾಣದಲ್ಲೂ ಬಹುಮಟ್ಟಿಗೆ ಇದೇ ದಿಕ್ಕನ್ನು ನಿರೀಕ್ಷಿಸಬಹುದು.

ಪರಿಸರದ ದೃಷ್ಟಿಯಿಂದ ಎರಡು ರಸ್ತೆಗಳ ಜಾಗಗಳಿಗೂ ಬೇರೆ ಬೇರೆ ತೊಡಕುಗಳಿವೆ. ಕನಕಪುರ ರಸ್ತೆಯ ಜಾಗಗಳ ಮಗ್ಗುಲಲ್ಲೇ ಆನೆಗಳು ಕಾವೇರಿ ವನ್ಯಧಾಮದ ಕಾಡುಗಳತ್ತ ಓಡಾಡುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಿದೆ; ಇನ್ನೊಂದು ದಿಕ್ಕಿನಲ್ಲಿ 2012ರಲ್ಲಿ ರಣಹದ್ದುಗಳ ರಕ್ಷಣೆಗೆಂದು ವನ್ಯಧಾಮವಾಗಿ ಘೋಷಿತವಾದ ರಾಮನಗರದ ರಾಮದೇವರ ಬೆಟ್ಟವಿದೆ. ಬಿಸಿಗಾಳಿಯ ಮೇಲೆ ತೇಲುತ್ತ ಬಹು ಎತ್ತರದಲ್ಲಿ ಸುತ್ತುವ ದೊಡ್ಡ ಹಕ್ಕಿಗಳು ಎಂಜಿನ್ನಿಗೆ ಸಿಕ್ಕಿದರೆ ಹಕ್ಕಿಗೂ ವಿಮಾನಕ್ಕೂ ಅಪಾಯ. ನೆಲಮಂಗಲದ ಕಡೆಯ ತೊಡಕು ನೀರಿನದು. ಶಿವಗಂಗೆಯ ಬಳಿ ಹುಟ್ಟುವ ಕುಮುದ್ವತಿಯು ನೆಲಮಂಗಲ ಸೀಮೆಯನ್ನು ಹಾದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಅಲ್ಲಿ 1930ರ ದಶಕದಲ್ಲಿ ಕಟ್ಟಿದ ಜಲಾಶಯ ಹಲವು ದಶಕ ಪಶ್ಚಿಮ ಬೆಂಗಳೂರಿನ ಮನೆಗಳಿಗೆ ಕುಡಿಯುವ ನೀರು ಕೊಟ್ಟಿದ್ದು, ಅದರ ಜಲಾನಯನವನ್ನು ಕಾಪಾಡಲು ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿ, ಮುಂದೆ ಅದರ ಕಟ್ಟುಪಾಡುಗಳನ್ನು ಸಡಿಲಿಸಿತು. ಸಾವಿರಾರು ಎಕರೆ ಮಳೆ ಹೀರುವ ನೆಲದ ಮೇಲೆ ಕಾಂಕ್ರೀಟು ಹರಡುವ ಮುನ್ನ ಈ ನದಿಪಾತ್ರಗಳ ಲೆಕ್ಕವನ್ನು ಪ್ರತ್ಯೇಕವಾಗಿ ಹಾಕಬೇಕಾದುದು ಅನಿವಾರ್ಯ.

ಪಶ್ಚಿಮ ಬೆಂಗಳೂರಿನ ನಿವಾಸಿಗೆ ದೇವನಹಳ್ಳಿಯ ನಿಲ್ದಾಣ ದೂರವೆನಿಸಲು ಕಿಲೋಮೀಟರುಗಳಷ್ಟೇ ಕಾರಣವಲ್ಲ, ಹೋಗುವ ದಾರಿಯೂ ಕಾರಣ. ವಿಜಯನಗರದಿಂದ ಹೊರಟವರು ಸುಮನಹಳ್ಳಿ, ಲಗ್ಗೆರೆಗಳನ್ನು ಹಾದು ಹೊರವರ್ತುಲ ರಸ್ತೆಯಲ್ಲಿ ಗೊರಗುಂಟೆಪಾಳ್ಯಕ್ಕೆ ಬಂದರೆ ಅಲ್ಲಿ ತುಮಕೂರು ರಸ್ತೆಯ ಲಾರಿಗಳ ಸಾಲು, ಬಿಇಎಲ್ ವೃತ್ತ ದಾಟಿದರೆ ಹೆಬ್ಬಾಳದ ಮೇಲ್ಸೇತುವೆಯ ಇಕ್ಕಟ್ಟು, ಅಲ್ಲಿಂದಾಚೆ ಬಳ್ಳಾರಿ ರಸ್ತೆಯ ಟೋಲ್. ಕೆಂಗೇರಿಯಿಂದ ಈ ಪ್ರಯಾಣ ಸುಮಾರು 50 ಕಿಲೋಮೀಟರ್. ಬಿಎಂಟಿಸಿಯ ವಾಯುವಜ್ರ ಬಸ್ಸುಗಳೂ ಇದೇ ಹೆಬ್ಬಾಳದ ಇಕ್ಕಟ್ಟಿನಲ್ಲಿ ನುಸುಳಬೇಕು. ನಿರ್ಮಾಣದಲ್ಲಿರುವ ಮೆಟ್ರೊ ನೀಲಿ ಮಾರ್ಗ ಸೆಂಟ್ರಲ್ ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರದ ಮೂಲಕ ನಿಲ್ದಾಣಕ್ಕೆ ಹೋಗುತ್ತದೆ, ಅಂದರೆ ಅದು ನಗರದ ಪೂರ್ವ ಭಾಗದ ಮಾರ್ಗ. ಪಶ್ಚಿಮಕ್ಕೆ ದಕ್ಕುವುದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಪಡೆದ ಮೂರನೆಯ ಹಂತ. ಅದರಲ್ಲಿ ಜೆ.ಪಿ. ನಗರ ನಾಲ್ಕನೆಯ ಹಂತದಿಂದ ಪಶ್ಚಿಮದ ಹೊರವರ್ತುಲ ರಸ್ತೆಗುಂಟ ಕೆಂಪಾಪುರಕ್ಕೆ 32.15 ಕಿಲೋಮೀಟರಿನ ಒಂದು ಮಾರ್ಗವೂ, ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆಗೆ 12.5 ಕಿಲೋಮೀಟರಿನ ಇನ್ನೊಂದು ಮಾರ್ಗವೂ ಸೇರಿವೆ.

ಹೊಸ ನಿಲ್ದಾಣದ ಮೂರು ಜಾಗಗಳನ್ನು ಮೆಟ್ರೊ ನಕ್ಷೆಯ ಮೇಲೆ ಇಟ್ಟು ನೋಡಿದಾಗ ಪಶ್ಚಿಮ ಬೆಂಗಳೂರಿನ ಸ್ಥಾನ ಎದ್ದು ಕಾಣುತ್ತದೆ. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಆರಂಭವಾದ ಹಸಿರು ಮಾರ್ಗ ರಾಜಾಜಿನಗರವನ್ನು ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಅದರ ದಕ್ಷಿಣದ ತುದಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಗೂ, 2024ರ ನವೆಂಬರ್‌ನಲ್ಲಿ ಉತ್ತರದ ತುದಿ ತುಮಕೂರು ರಸ್ತೆಯ ಮಾದಾವರಕ್ಕೂ ತಲುಪಿತು. ಒಂದು ತುದಿ ಚೂಡಹಳ್ಳಿ–ಸೋಮನಹಳ್ಳಿಗಳತ್ತ, ಇನ್ನೊಂದು ತುದಿ ನೆಲಮಂಗಲದತ್ತ ಮುಖ ಮಾಡಿರುವುದರಿಂದ, ಯಾವ ಜಾಗ ಗೆದ್ದರೂ ಅದೇ ಮಾರ್ಗವನ್ನು ಮುಂದಕ್ಕೆ ಒಯ್ಯಬಹುದು. ವಿಜಯನಗರ, ಅತ್ತಿಗುಪ್ಪೆಗಳನ್ನು ಹಾದು ಕೆಂಗೇರಿಗೆ 2021ರ ಆಗಸ್ಟ್‌ನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ ಬಂದ ನೇರಳೆ ಮಾರ್ಗದವರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿಕೊಳ್ಳಬಹುದು. ತುಮಕೂರು ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆಗಳನ್ನು ಹೊರಗಿನಿಂದ ಜೋಡಿಸುವ ನೈಸ್ ರಸ್ತೆಯೂ ಇದೆ, ಆದರೆ ಅದಕ್ಕೆ ಟೋಲ್ ಕಟ್ಟಬೇಕು. ನಗರದ ಪಶ್ಚಿಮಾರ್ಧಕ್ಕೆ ನಿಲ್ದಾಣದ ದಾರಿ ಸುಗಮವಾಗುವ ಅವಕಾಶ 2008ರ ನಂತರ ಇದೇ ಮೊದಲ ಸಲ ಒದಗಿದ್ದು, ಜಾಗದ ಆಯ್ಕೆಯ ಜೊತೆಗೇ ಮಾರ್ಗದ ವಿಸ್ತರಣೆಯನ್ನೂ ತೀರ್ಮಾನಿಸದಿದ್ದರೆ ದೇವನಹಳ್ಳಿಯ ಅನುಭವವೇ ಮರುಕಳಿಸುವುದು ಖಚಿತ. ಅಲ್ಲಿ ನಿಲ್ದಾಣ ತೆರೆದು ಹದಿನೇಳು ವರ್ಷ ಕಳೆದರೂ ಮೆಟ್ರೊ ತಲುಪಿರಲಿಲ್ಲ.

ಈ ತೀರ್ಮಾನದಲ್ಲಿ ನಗರ ಸಂಸ್ಥೆಯ ಪಾತ್ರ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ ಡೆನ್ವರ್, ಅಟ್ಲಾಂಟಾ, ಷಿಕಾಗೊಗಳಲ್ಲಿ ವಿಮಾನ ನಿಲ್ದಾಣಗಳ ಒಡೆತನ ನಗರಾಡಳಿತದ್ದಾಗಿದ್ದು, ಅಲ್ಲಿನ ಸಣ್ಣ ಊರುಗಳಲ್ಲೂ ರನ್‌ವೇ ದುರಸ್ತಿಗೆ ಒಕ್ಕೂಟ ಸರ್ಕಾರದ ಅನುದಾನ ಪಡೆಯಬೇಕೆ ಬೇಡವೆ ಎಂಬುದನ್ನು ನಗರ ಸಭೆಯೇ ಚರ್ಚಿಸಿ ಮತಕ್ಕೆ ಹಾಕುತ್ತದೆ. ಭಾರತದ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ವಿಮಾನ ನಿಲ್ದಾಣಗಳು ಕೇಂದ್ರದ ಪಟ್ಟಿಯಲ್ಲಿವೆ. 1992ರ 74ನೆಯ ತಿದ್ದುಪಡಿಯಿಂದ ಸೇರಿದ ಹನ್ನೆರಡನೆಯ ಅನುಸೂಚಿಯು ನಗರ ಸಂಸ್ಥೆಗಳಿಗೆ ಸೂಚಿಸಿದ 18 ವಿಷಯಗಳಲ್ಲಿ ನಗರ ಯೋಜನೆ, ಕಟ್ಟಡ ನಿಯಂತ್ರಣ, ರಸ್ತೆ ಮತ್ತು ಸೇತುವೆಗಳಿವೆಯೇ ಹೊರತು ನಿಲ್ದಾಣವಿಲ್ಲ. ರಾಜ್ಯಗಳು ಮುಂದಾಳತ್ವ ವಹಿಸಿದ ಉದಾಹರಣೆಗಳಿವೆ. 2023ರಲ್ಲಿ ಉದ್ಘಾಟನೆಯಾದ, 3,200 ಮೀಟರ್ ರನ್‌ವೇಯ ಶಿವಮೊಗ್ಗ ನಿಲ್ದಾಣವನ್ನು ಕರ್ನಾಟಕ ಸರ್ಕಾರವೇ ಕಟ್ಟಿ ನಡೆಸುತ್ತಿದೆ. ಪಶ್ಚಿಮ ಬೆಂಗಳೂರಿನ ಸ್ಥಳೀಯ ಸಂಸ್ಥೆಗಳ ಕಡೆ ನೋಡಿದರೆ, ಕೆಂಗೇರಿಗೆ 2007ರವರೆಗೆ ತನ್ನದೇ ಪುರಸಭೆ ಇತ್ತು. ಆ ವರ್ಷ ಏಳು ನಗರಸಭೆಗಳು ಮತ್ತು 110 ಹಳ್ಳಿಗಳೊಂದಿಗೆ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾಯಿತು. ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದಾಗ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದವು. ವಿಮಾನ ನಿಲ್ದಾಣಗಳ ಪ್ರಾಧಿಕಾರದ ತಂಡ ಜಾಗ ನೋಡಲು ಬಂದ ಹೊತ್ತಿಗೆ ಈ ಬಡಾವಣೆಗಳ ಪರವಾಗಿ ಮಾತನಾಡಲು ಒಬ್ಬ ಚುನಾಯಿತ ಕಾರ್ಪೊರೇಟರೂ ಇರಲಿಲ್ಲ ಎಂಬುದು ಈ ಪ್ರಸ್ತಾವದ ಇತಿಹಾಸದಲ್ಲಿ ದಾಖಲಾಗಬೇಕಾದ ಕೊರತೆ.

ಭೂಮಿ ಕಳೆದುಕೊಳ್ಳುವವರ ಪ್ರಶ್ನೆ ಇದಕ್ಕಿಂತ ಹರಿತವಾದುದು. ಕೆಂಪೇಗೌಡ ನಿಲ್ದಾಣದ ಸಮೀಪದ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಕೈಗಾರಿಕೆಗಳಿಗೆಂದು 1,777 ಎಕರೆ ಸ್ವಾಧೀನಕ್ಕೆ ಹೊರಟಾಗ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು; 2025ರ ಜುಲೈನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿದರು. ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ನೆಲ ಬೇಡುವ ಹೊಸ ನಿಲ್ದಾಣಕ್ಕೆ ರಾಗಿ, ತೆಂಗು, ರೇಷ್ಮೆ, ಹೈನುಗಳನ್ನು ನಂಬಿದ ಸಣ್ಣ ಹಿಡುವಳಿದಾರರ ಒಪ್ಪಿಗೆ ಪಡೆಯದೆ ಹೊರಡುವುದು ನ್ಯಾಯವೂ ಅಲ್ಲ, ಕಾರ್ಯಸಾಧ್ಯವೂ ಅಲ್ಲ.

2008ರ ಕೇಂದ್ರ ನೀತಿಯಂತೆ ಹೊಸ ನಿಲ್ದಾಣಕ್ಕೆ ಮೊದಲು ಜಾಗದ ಒಪ್ಪಿಗೆ, ಬಳಿಕ ತಾತ್ತ್ವಿಕ ಒಪ್ಪಿಗೆ ಎಂಬ ಎರಡು ಹಂತಗಳಿವೆ. ಪಾಲಿಕೆಯ ಕೆಲಸ ಹತ್ತಿರವಾಗುವುದು ಅವುಗಳ ನಂತರ. ನಿಲ್ದಾಣದ ಸುತ್ತಲ ಪ್ರದೇಶವನ್ನು ಅನುಮತಿಸಬಹುದಾದ ಎತ್ತರಕ್ಕೆ ಅನುಗುಣವಾಗಿ ಬಣ್ಣಬಣ್ಣದ ವಲಯಗಳಾಗಿ ತೋರಿಸುವ ನಕ್ಷೆ ಜಾರಿಗೆ ಬಂದ ಮೇಲೆ, ಕಟ್ಟಡ ನಕ್ಷೆಗೆ ಮಂಜೂರಾತಿ ಕೊಡುವ ಸ್ಥಳೀಯ ಸಂಸ್ಥೆ ಅದನ್ನು ಪಾಲಿಸಲೇಬೇಕು. ಸೋಮನಹಳ್ಳಿ ಆಯ್ಕೆಯಾದರೆ ಕೆಂಗೇರಿಯ ಬಹುಮಹಡಿ ವಸತಿ ಸಮುಚ್ಚಯಗಳ ಅರ್ಜಿಗಳಿಗೂ ಈ ಪರಿಶೀಲನೆ ಬರಬಹುದು. ಅದಕ್ಕೂ ಮೊದಲು, 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಹೊಸ ನಿಲ್ದಾಣಕ್ಕೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ಮಾಲಿನ್ಯ ನಿಯಂತ್ರಣ ಮಂಡಳಿ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ಕೊಟ್ಟು ಯೋಜನಾ ಸ್ಥಳದಲ್ಲಿ ಅಥವಾ ಅದರ ಹತ್ತಿರ ಸಭೆ ನಡೆಸುತ್ತದೆ. ಯೋಜನೆಯಿಂದ ಬಾಧಿತರಾಗುವ ಹಳ್ಳಿಗರು ಅಲ್ಲಿ ನೇರವಾಗಿ ಮಾತನಾಡಬಹುದು, ಯೋಜನೆಯ ಬಗ್ಗೆ ಆಸಕ್ತಿ ಹೊಂದಿದ ಪಶ್ಚಿಮ ಬೆಂಗಳೂರಿನ ನಿವಾಸಿಗಳೂ ಕ್ಷೇಮಾಭಿವೃದ್ಧಿ ಸಂಘಗಳೂ ತಮ್ಮ ಅಭಿಪ್ರಾಯವನ್ನು ಬರಹದಲ್ಲಿ ಸಲ್ಲಿಸಬಹುದು.