ರೋಸಾ ಪಾರ್ಕ್ಸ್ ದಣಿದಿದ್ದರೆ?

ಪ್ರತಿ ಫೆಬ್ರವರಿಯಲ್ಲಿ ಇಲ್ಲಿನ ಮಕ್ಕಳು ಶಾಲೆಯಿಂದ ರೋಸಾ ಪಾರ್ಕ್ಸ್ ಅವರ ಕಥೆ ಕೇಳಿಕೊಂಡು ಬರುತ್ತಾರೆ. ದಿನವಿಡೀ ಹೊಲಿಗೆ ಹಾಕಿ ಕಾಲು ಸೋತಿದ್ದ ವಯಸ್ಸಾದ ಹೆಂಗಸೊಬ್ಬಳು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲವಂತೆ. ಆದರೆ 1955ರ ಡಿಸೆಂಬರ್ 1ರಂದು ಆಕೆಗೆ 42 ವರ್ಷ. ಅಂದು ತಾನು ಎಂದಿಗಿಂತ ಹೆಚ್ಚೇನೂ ದಣಿದಿರಲಿಲ್ಲ, ಸಾಕಾಗಿದ್ದು ತಲೆಬಾಗಿ ತಲೆಬಾಗಿ ಎಂದು ಆಕೆಯೇ ಮುಂದೆ ಬರೆದರು. 1943ರಿಂದ ಸಂಘಟನೆಯಲ್ಲಿ ದುಡಿದಿದ್ದ ಕಾರ್ಯಕರ್ತೆಯನ್ನು ಕಾಲುನೋವಿನ ಮುದುಕಿ ಮಾಡಿದರೆ ಎಲ್ಲರಿಗೂ ಹಿತ, ಅಷ್ಟೆ.

ಹಾಗೆಂದು ದಣಿವು ಸಣ್ಣ ಮಾತಲ್ಲ. ಫ್ರೆಡರಿಕ್ ಡಗ್ಲಾಸ್ 1845ರ ಆತ್ಮಕಥೆಯಲ್ಲಿ ಹೇಳುವ ಪ್ರಕಾರ, ಗುಲಾಮರಿಗೆ ಹಾಸಿಗೆಗಿಂತ ದೊಡ್ಡ ಕೊರತೆ ನಿದ್ದೆಯ ಹೊತ್ತಿನದು. ಹೊಲದಿಂದ ಬಂದ ಮೇಲೆ ಒಗೆತ, ತೇಪೆ, ನಾಳೆಯ ಬುತ್ತಿ. ಬೆಳಗ್ಗೆ ಕಹಳೆಗೆ ಏಳದಿದ್ದರೆ ಏಟು. ಹೀಗೆ ದುಡಿಸಿಕೊಂಡವರನ್ನೇ ಸೋಮಾರಿಗಳೆಂದರು. ಈ ಬೈಗುಳ ನಮಗೇನು ಹೊಸದೇ? ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತವರು ಜೀತದಾಳಿಗೆ ಹೇಳುತ್ತಿದ್ದುದೂ ಇದನ್ನೇ.

ಕಪ್ಪು ಜನ ಮೈಬಗ್ಗಿಸುವುದಿಲ್ಲ ಎಂಬ ಮಾತನ್ನು ನಮ್ಮವರ ಪಾಟ್‌ಲಕ್ ಊಟಗಳಲ್ಲೂ ಕೇಳಿದ್ದೇನೆ. ಹೇಳುವವರು ವಾರಕ್ಕೆ ಅರವತ್ತು ಗಂಟೆ ದುಡಿದು ಬೆನ್ನುನೋವಿಗೆ ಮುಲಾಮು ಹಚ್ಚಿಕೊಂಡವರು. ನಮಗೆ ಈ ದೇಶದ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ಕಪ್ಪು ಜನರ ಹಕ್ಕಿನ ಹೋರಾಟದ ಬೆನ್ನಿಗೇ ಎಂದು ನೆನಪಿಸಿದರೆ ಮಾತು ಪಾಯಸದ ಕಡೆಗೆ ಹೊರಳುತ್ತದೆ.

ಅಟ್ಲಾಂಟಾದಲ್ಲಿ ಟ್ರಿಶಿಯಾ ಹರ್ಸಿ 2016ರಲ್ಲಿ ‘ನ್ಯಾಪ್ ಮಿನಿಸ್ಟ್ರಿ’ ಆರಂಭಿಸಿ, ಜನರನ್ನು ಸೇರಿಸಿ ಮಲಗಿಸತೊಡಗಿದಾಗ ನಕ್ಕವರುಂಟು. ಮಲಗುವುದೂ ಹೋರಾಟವೇ? ಆದರೆ ಆಡ್ರಿ ಲಾರ್ಡ್ 1988ರಲ್ಲೇ, ಕ್ಯಾನ್ಸರಿನ ನಡುವೆ, ತನ್ನನ್ನು ಕಾಪಾಡಿಕೊಳ್ಳುವುದನ್ನು ರಾಜಕೀಯವೆಂದು ವಾದಿಸಿದ್ದರು. ರೋಸಾ ಪಾರ್ಕ್ಸ್ ಯೋಗಾಸನ ಮಾಡುತ್ತಿರುವ 1973ರ ಫೋಟೊ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಮೈಸೂರು ಅರಮನೆಯಲ್ಲಿ ಕೃಷ್ಣಮಾಚಾರ್ಯರು ಕಲಿಸಿದ್ದನ್ನು ‘ನಮ್ಮ ಯೋಗ’ ಎಂದು ಬೀಗುವ ನಮಗೆ ಆ ಫೋಟೊ ಗೊತ್ತಿಲ್ಲ.

ನನ್ನನ್ನು ಹೆಚ್ಚು ಕಾಡುವವರು ಎರಿಕಾ ಹಗಿನ್ಸ್. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು. 1969ರ ಜನವರಿಯಲ್ಲಿ ಗಂಡ ಜಾನ್ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಗುಂಡಿಗೆ ಬಲಿಯಾದಾಗ ಮಗಳಿಗೆ ಮೂರು ವಾರ. ಮೇ ತಿಂಗಳಲ್ಲಿ ಎರಿಕಾ ಕನೆಕ್ಟಿಕಟ್‌ನಲ್ಲಿ ಜೈಲು ಸೇರಿದರು. ವಿಚಾರಣೆ ಕುಸಿದು ಬಿಡುಗಡೆಯಾಗಲು ಎರಡು ವರ್ಷ ಬೇಕಾಯಿತು. ಅಲ್ಲಿ, ಗುರುವಿಲ್ಲದೆ, ಆಸನ ಮತ್ತು ಧ್ಯಾನ ಕಲಿತರು. ಮೋಕ್ಷಕ್ಕಲ್ಲ, ಭೇಟಿಗೆ ಬಂದ ಮಗುವಿನ ಮುಂದೆ ಕುಸಿಯದಿರಲು, ಮಗು ಹೊರಟುಹೋದ ಮೇಲೂ ಉಸಿರಾಡಲು. ಕೋಪ ಮೈಯೊಳಗೆ ಎಲ್ಲಿ ಗಂಟು ಕಟ್ಟಿದೆ ಎಂದು ತಿಳಿಯದಿದ್ದರೆ ಜೈಲು ಒಳಗೇ ಉಳಿದುಬಿಡುತ್ತದೆ. ಇದು ನನ್ನ ಮಾತು, ಅವರದಲ್ಲ.

1973ರಿಂದ 1981ರವರೆಗೆ ಅವರು ಓಕ್‌ಲ್ಯಾಂಡಿನಲ್ಲಿ ಪಕ್ಷದ ಶಾಲೆಯನ್ನು ನಡೆಸಿದರು. ಬಡ ಮನೆಗಳ ಮಕ್ಕಳಿಗೆ ಅಲ್ಲಿ ದಿನಕ್ಕೆ ಮೂರು ಹೊತ್ತು ಊಟ ಸಿಗುತ್ತಿತ್ತು. ಕಣ್ಣು ಮುಚ್ಚಿ ಸುಮ್ಮನೆ ಕೂರುವುದನ್ನೂ ಅಲ್ಲಿ ಕಲಿಸುತ್ತಿದ್ದರು.