ಪಟೇಲರ ಪುಸ್ತಕದಲ್ಲಿ ನಮ್ಮ ಹಿರಿಯರ ಸಾವು

ಹಳೇ ಮೈಸೂರು ಸರ್ಕಾರದ ಕಾಲದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಲ್ಲಿ ಯಾರೇ ತೀರಿಕೊಂಡರೂ ಅದನ್ನು ಜನನ-ಮರಣದ ಪುಸ್ತಕಕ್ಕೆ ಏರಿಸುವ ಹೊಣೆ ಊರಿನ ಪಟೇಲರದ್ದು. ಪಟೇಲರು ವೈದ್ಯರಲ್ಲ. ಕಾಲರಾ, ಸಿಡುಬು, ಪ್ಲೇಗನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಮಲೇರಿಯಾ, ವಿಷಮಶೀತ ಜ್ವರ, ಬಾಣಂತಿ ನಂಜು ಹೆಚ್ಚಾಗಿ ‘ಜ್ವರ’ದ ಕಲಮಿಗೇ ಹೋಗುತ್ತಿದ್ದವು. ಹೆರಿಗೆಯಲ್ಲಿ ಪ್ರಾಣ ಬಿಟ್ಟ ನಮ್ಮ ಅಜ್ಜಿ-ಮುತ್ತಜ್ಜಿಯರ ಸರಿಯಾದ ಲೆಕ್ಕ ಹೀಗೆ ಕೈತಪ್ಪಿಹೋಯಿತಲ್ಲ ಎಂಬ ಸಂಕಟ ನನಗೆ ದೊಡ್ಡದು.

ಹಸಿವಿನ ಸಾವು ಈ ಪುಸ್ತಕದಲ್ಲಿ ಬೇರೆ ರೋಗಗಳ ಹೆಸರಲ್ಲಿ ಅಡಗಿಹೋಗುವುದರಿಂದ ಅದನ್ನು ಜನಗಣತಿಯಲ್ಲೇ ಹುಡುಕಬೇಕು. 1876–78ರ ಧಾತು-ಈಶ್ವರ ಬರಕ್ಕೆ ಮುಂಚೆ, 1871ರಲ್ಲಿ, ಮೈಸೂರು ಸಂಸ್ಥಾನದಲ್ಲಿ 50.55 ಲಕ್ಷ ಜನರಿದ್ದರು. 1881ಕ್ಕೆ ಉಳಿದವರು 41.86 ಲಕ್ಷ. ಮಳೆಯನ್ನೇ ನಂಬಿದ ನಮ್ಮ ತುಮಕೂರು ಸೀಮೆ ಹೆಚ್ಚು ನೊಂದ ಕಡೆಗಳಲ್ಲೊಂದು. ಹೊಟ್ಟೆಗಿಲ್ಲದೆ ಸೊರಗಿದವರನ್ನು ಕಾಲರಾ, ಆಮಶಂಕೆ ಸುಲಭವಾಗಿ ಒಯ್ದವು.

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಅಲ್ಲಿಂದಾಚೆಗೆ ಸಂಸ್ಥಾನದ ಹಳ್ಳಿಗಳಿಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇದನ್ನು ಬರೀ ಭಯವೆಂದು ತಳ್ಳಿಹಾಕುವುದು ತಪ್ಪು. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟ ಮನುಷ್ಯರನ್ನು ಕಚ್ಚಿ ರೋಗ ಹರಡುತ್ತದೆ. ಮನೆ ಖಾಲಿ ಮಾಡಿದ ಅನೇಕರು ಬದುಕಿಕೊಂಡರು. ಆ ಕಾಲದಲ್ಲಿ ಸರ್ಕಾರದ ಪ್ಲೇಗ್ ಕ್ಯಾಂಪುಗಳು ಮಾಡಿದ್ದೂ ಇದನ್ನೇ.

ಸಿಡುಬಿಗೆ ‘ಅಮ್ಮ’ ಎಂದೇ ಹೆಸರು. ಮಾರಮ್ಮನಿಗೆ ಹರಕೆ ಹೊತ್ತ ಮನೆಯವರೇ ಮಕ್ಕಳಿಗೆ ದಾಕು (ಸಿಡುಬಿನ ಲಸಿಕೆ) ಹಾಕಿಸಿದರು. ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿ, ಬೈಗುಳ ತಿಂದು ದಾಕು ಹಾಕಿದವರ ಹೆಸರನ್ನು ನಾವು ಯಾವ ಕಲ್ಲಿನ ಮೇಲೂ ಕೆತ್ತಿಸಲಿಲ್ಲ. ದೇಶದಿಂದ ಸಿಡುಬು ತೊಲಗಿತೆಂದು 1977ರಲ್ಲಿ ಸಾರಿದಾಗ ಆ ಗೌರವದ ಪಾಲು ಅವರಿಗೂ ಸಲ್ಲಬೇಕಿತ್ತು.

ಪಾವಗಡದ ಕುಡಿಯುವ ನೀರಿನ ಫ್ಲೋರೈಡ್ ಕಥೆ ಬೇರೆ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ತಿರುಗುತ್ತದೆ. ಇನ್ನೂ ಹೆಚ್ಚಿದ್ದರೆ ಕೀಲು ಬಿಗಿದು ಬೆನ್ನು ಬಾಗುತ್ತದೆ. ಇದು ನೇರವಾಗಿ ಕೊಲ್ಲುವುದಿಲ್ಲವಾದ್ದರಿಂದ ಮರಣದ ಪುಸ್ತಕಕ್ಕೆ ಸೇರುವುದೂ ಇಲ್ಲ. ಅದೇ ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳನ್ನು ಹುಡುಕಿ ಉಪಚರಿಸಿದ್ದು ನಮ್ಮ ಸೀಮೆಯ ಹೆಮ್ಮೆ.

ನಾಲ್ಕೂ ತಾಲ್ಲೂಕುಗಳ ಓದುಗರಲ್ಲಿ ಒಂದು ಬೇಡಿಕೆ. ಪಟೇಲರ, ಶಾನುಭೋಗರ ಮನೆಯ ಅಟ್ಟದಲ್ಲಿ ಹಳೆಯ ಪುಸ್ತಕಗಳಿದ್ದರೆ ರದ್ದಿಗೆ ಹಾಕಬೇಡಿ. ಎಂಬತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ, ಪ್ಲೇಗಿಗೆ ಊರು ಬಿಟ್ಟ ದಿನಗಳ ಬಗ್ಗೆ ಅವರು ಕೇಳಿದ್ದನ್ನು ಈ ವರ್ಷವೇ ಬರೆದಿಡಿ.